ಬೆನ್ನಿನ ಮುಳ್ಳು ಚುಚ್ಚಿದ ಈ ಮೀನು ಯಾವುದು? ವಿಷ ಇದೆಯಾ? ವಾಪಸ್ ನೀರಿಗೆ ಬಿಟ್ಟರೆ ಬದುಕುತ್ತದಾ?

ಕತ್ರಿಗುಪ್ಪೆ ಹುಡುಗ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ನನೈಮೊ ಅಂತ ಊರು. ಒಂದು ಭಾನುವಾರ ಭಾವನ ಸ್ನೇಹಿತರೊಬ್ಬರ ದೋಣಿಯಲ್ಲಿ ಮೀನು ಹಿಡಿಯಲು ಹೋದೆವು. ನಾನು ಗಾಳ ಹಾಕಿದ್ದು ಚಿಕ್ಕಂದಿನಲ್ಲಿ, ಅಜ್ಜಿಯ ಊರಿನ ಕೆರೆಯಲ್ಲಿ ಮಾತ್ರ. ಅಲ್ಲಿ ಲಿಂಗ್‌ಕಾಡ್ ಎಂಬ ದೊಡ್ಡ ಮೀನಿಗೆ ಅಂತ ಗಾಳ ಇಳಿಸಿದ್ದೆವು, ದೋಣಿಯ ಮೀಟರ್ 40 ಮೀಟರ್ ಆಳ ತೋರಿಸುತ್ತಿತ್ತು.

ನನ್ನ ಗಾಳಕ್ಕೆ ಸಿಕ್ಕಿದ್ದು ಬೇರೆ ಮೀನು. ಒಂದು ಗೇಣಿಗಿಂತ ಜಾಸ್ತಿ ಉದ್ದ. ಕಂದು ಬಣ್ಣ, ಮುಂದಿನ ಅರ್ಧ ಹಳದಿ ಹಳದಿ, ಗಂಟಲ ಹತ್ತಿರ ಕಿತ್ತಳೆ ಚುಕ್ಕೆಗಳು. ಬೆನ್ನ ಮೇಲೆ ಮುಳ್ಳುಹಂದಿಯ ಹಾಗೆ ಎದ್ದು ನಿಂತ ಮುಳ್ಳುಗಳು. ಗಾಳ ಬಿಡಿಸಲು ಬರಿಗೈಯಲ್ಲಿ ಹಿಡಿದೆ. ಹೆಬ್ಬೆರಳ ಬುಡಕ್ಕೆ ಮುಳ್ಳು ಹೊಕ್ಕಿತು. ಮುಳ್ಳು ಚುಚ್ಚಿದ ನೋವು ಎಲ್ಲರಿಗೂ ಗೊತ್ತು, ಇದು ಅದಲ್ಲ. ಹತ್ತು ನಿಮಿಷದಲ್ಲಿ ಮಣಿಕಟ್ಟಿನವರೆಗೂ ಉರಿ ಏರಿತು, ಬೆರಳು ಊದಿಕೊಂಡಿತು. ಪೆಟ್ಟಿಗೆಯಲ್ಲಿದ್ದ ಐಸ್ ಇಟ್ಟೆ, ಏನೂ ಕಡಿಮೆ ಆಗಲಿಲ್ಲ. ಸಂಜೆಗೆ ನೋವು ಇಳಿಯಿತು, ಆದರೆ ಬೆರಳ ತುದಿ ಎರಡು ದಿನ ಮರಗಟ್ಟಿದ ಹಾಗೇ ಇತ್ತು.

ಆದರೆ ನಾನು ಬರೆಯುತ್ತಿರುವುದು ಬೆರಳಿನ ವಿಷಯಕ್ಕಲ್ಲ. ಮೀನು ನಮಗೆ ಬೇಡವಾಗಿತ್ತು, ವಾಪಸ್ ನೀರಿಗೆ ಬಿಟ್ಟೆ. ಅದು ಮುಳುಗಲೇ ಇಲ್ಲ. ಮಗ್ಗುಲಾಗಿ ತೇಲುತ್ತಾ ಬಾಲ ಬಡಿಯುತ್ತಿತ್ತು. ಕಣ್ಣು ಗುಡ್ಡೆಗಳು ಹೊರಗೆ ಬಂದಿದ್ದವು, ಬಾಯಿಂದ ಏನೋ ಗುಲಾಬಿ ಬಣ್ಣದ ಚೀಲದಂಥದ್ದು ಉಬ್ಬಿತ್ತು. ನಾವು ಮುಂದೆ ಹೋಗುವಾಗ ತಿರುಗಿ ನೋಡಿದೆ, ಮೇಲೆ ಕಡಲಹಕ್ಕಿಗಳು ಸುತ್ತಲು ಶುರು ಮಾಡಿದ್ದವು. ಬೆಂಗಳೂರಿಗೆ ಬಂದು ಮೂರು ವಾರ ಆಯಿತು, ಆ ಮೀನು ಇನ್ನೂ ತಲೆಯಿಂದ ಹೋಗಿಲ್ಲ. ಇದು ಯಾವ ಮೀನು? ಮುಳ್ಳಿನಲ್ಲಿ ವಿಷ ಇದೆಯಾ? ಅದು ಬದುಕಿರಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ತೊರಕೆ (ಮಲ್ಲೇಶ್ವರ):

ನೀವು ಬರೆದ ಗುರುತು ನೋಡಿದರೆ ಇದು ಕ್ವಿಲ್‌ಬ್ಯಾಕ್ ರಾಕ್‌ಫಿಶ್. ಮುಂಭಾಗ ಹಳದಿ, ಗಂಟಲಲ್ಲಿ ಕಿತ್ತಳೆ ಚುಕ್ಕೆ, ಬೆನ್ನ ಮುಳ್ಳುಗಳ ನಡುವಿನ ಪೊರೆ ಆಳವಾಗಿ ಕತ್ತರಿಸಿದ ಹಾಗೆ ಇರುವುದರಿಂದ ಒಂದೊಂದು ಮುಳ್ಳೂ ಬಿಡಿಬಿಡಿಯಾಗಿ ಕಾಣುವುದು, ಇವೆಲ್ಲ ಸೇರಿದರೆ ಬೇರೆ ಮೀನು ಅಂತ ಅನುಮಾನ ಬರುವುದಿಲ್ಲ. ನಿಮಗೆ ಮುಳ್ಳುಹಂದಿ ನೆನಪಾಗಿದ್ದು ಸರಿಯೇ ಇದೆ, ಆ ಇಂಗ್ಲಿಷ್ ಹೆಸರಿನ ಹಿಂದೆಯೂ ಅದೇ ಹೋಲಿಕೆ ಇದೆ. ವಿಜ್ಞಾನದ ಹೆಸರು ಸೆಬಾಸ್ಟೆಸ್ ಮ್ಯಾಲಿಜರ್. ಮ್ಯಾಲಿಜರ್ ಅಂದರೆ ಲ್ಯಾಟಿನ್‌ನಲ್ಲಿ ಹಾಯಿಕಂಬ ಹೊತ್ತದ್ದು ಅಂತ. 1880ರಲ್ಲಿ ಜೋರ್ಡನ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು ಅಮೆರಿಕದ ಮೀನು ತಜ್ಞರು ಇಟ್ಟ ಹೆಸರು. ಬೆನ್ನ ಮೇಲಿನ ಆ ಮುಳ್ಳುಗಳನ್ನು ಮೊದಲ ಸಲ ನೋಡಿದವರಿಗೆ ಹಡಗಿನ ಕಂಬ ಕಂಡಿದೆ.

ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು, ಈಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದೇನೆ. ಆದರೂ ಈ ಗುಂಪಿನ ಮೀನುಗಳ ಮೇಲಿನ ಪ್ರೀತಿ ಹೋಗಿಲ್ಲ. ಸೆಬಾಸ್ಟೆಸ್ ಕುಲದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚಿನವು ಪೆಸಿಫಿಕ್ ಸಾಗರದ ಉತ್ತರದ ತಣ್ಣೀರಿನಲ್ಲಿ. ಕ್ವಿಲ್‌ಬ್ಯಾಕ್ ಇರುವುದು ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾದವರೆಗೆ. ಗರಿಷ್ಠ 61 ಸೆಂಟಿಮೀಟರ್ ಬೆಳೆಯುತ್ತದೆ.

ಹೌದು, ವಿಷ ಇದೆ. ನಮ್ಮ ಕಡಲಿನ ಸಿಂಹಮೀನು, ಕಲ್ಲುಮೀನು ಇವೆಯಲ್ಲ, ಅವುಗಳ ದೂರದ ಸಂಬಂಧಿ ಇದು. ಬೆನ್ನಿನಲ್ಲಿ 13 ಮುಳ್ಳು, ಹೊಟ್ಟೆಯ ಕೆಳಗಿನ ರೆಕ್ಕೆಗಳಲ್ಲಿ ಒಂದೊಂದು, ಬಾಲದ ಹತ್ತಿರ ಕೆಳಗೆ 3. ಪ್ರತಿ ಮುಳ್ಳಿನ ಎರಡೂ ಬದಿಯಲ್ಲಿ ಉದ್ದಕ್ಕೆ ಸಣ್ಣ ಕಾಲುವೆಯಂಥ ಗೀರು ಇರುತ್ತದೆ, ವಿಷದ ಅಂಗಾಂಶ ಅದರೊಳಗೆ. ಮೇಲೆ ತೆಳ್ಳನೆ ಚರ್ಮದ ಹೊದಿಕೆ. ಹಾವಿನ ಹಾಗೆ ಇದು ತಾನಾಗಿ ವಿಷ ಬಿಡುವುದಿಲ್ಲ. ನೀವು ಒತ್ತಿದಾಗ ಚರ್ಮ ಹರಿಯುತ್ತದೆ, ಒತ್ತಿದಷ್ಟು ವಿಷ ಒಳಗೆ ಹೋಗುತ್ತದೆ. ಅಂದರೆ ಇದು ಬೇಟೆಗೆ ಇಟ್ಟುಕೊಂಡ ಆಯುಧ ಅಲ್ಲ. ಯಾರಾದರೂ ನುಂಗಲು ಬಂದರೆ ಬಾಯಿಗೆ ಚುಚ್ಚಲಿ ಅಂತ ಇಟ್ಟುಕೊಂಡಿರುವುದು, ಅಷ್ಟೇ. ಕಲ್ಲುಮೀನಿನ ವಿಷಕ್ಕೆ ಹೋಲಿಸಿದರೆ ತುಂಬ ಸೌಮ್ಯ.

ಮೀನು ಬದುಕಿತಾ ಅಂತ ಕೇಳಿದ್ದೀರಿ. ಸುಮ್ನೆ ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಆ ಸ್ಥಿತಿಯಲ್ಲಿ ಮೇಲೆ ತೇಲುತ್ತಿದ್ದ ಮೀನು ಬದುಕಿರುವುದು ಬಹಳ ಕಷ್ಟ. ಕಾರಣ ಮುಳ್ಳೂ ಅಲ್ಲ, ಗಾಳದ ಗಾಯವೂ ಅಲ್ಲ, ಗಾಳಿ. ಕೆರೆಯ ಗೆಂಡೆ, ಕಾಟ್ಲಾ ಮೀನುಗಳಿಗೆ ಹೊಟ್ಟೆಯೊಳಗಿನ ಗಾಳಿಚೀಲದಿಂದ ಅನ್ನನಾಳಕ್ಕೆ ಒಂದು ಕೊಳವೆ ಇದೆ. ಮೇಲಕ್ಕೆ ಎಳೆದರೆ ಗಾಳಿ ತೇಗಿಬಿಡುತ್ತವೆ. ರಾಕ್‌ಫಿಶ್‌ಗೆ ಆ ಕೊಳವೆ ಇಲ್ಲ, ಚೀಲಕ್ಕೆ ಬಾಯಿಯೇ ಇಲ್ಲ. 40 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಐದು ಪಟ್ಟು. ಅಲ್ಲಿಂದ ಒಂದೆರಡು ನಿಮಿಷದಲ್ಲಿ ಮೇಲೆ ತಂದರೆ ಒಳಗಿನ ಗಾಳಿ ಐದು ಪಟ್ಟು ಹಿಗ್ಗಬೇಕು. ಜಾಗ ಎಲ್ಲಿದೆ? ಹೊಟ್ಟೆಯನ್ನು ಬಾಯಿಂದ ಹೊರಗೆ ತಳ್ಳುತ್ತದೆ, ಕಣ್ಣನ್ನು ಹಿಂದಿನಿಂದ ನೂಕುತ್ತದೆ. ನೀವು ನೋಡಿದ ಗುಲಾಬಿ ಚೀಲ ಅದರ ಜಠರ. ಒಳಗೆ ಗಾಳಿ ತುಂಬಿರುವುದರಿಂದ ಎಷ್ಟು ಬಾಲ ಬಡಿದರೂ ಕೆಳಗೆ ಹೋಗಲು ಆಗುವುದಿಲ್ಲ. ಬಿಸಿಲು, ಹಕ್ಕಿ, ಹದ್ದು, ಯಾವುದಾದರೂ ಒಂದು ಅದನ್ನು ಮುಗಿಸುತ್ತದೆ.

ಆದರೆ ಇದಕ್ಕೆ ದಾರಿ ಇದೆ, ಅದು ಸುಲಭವೂ ಹೌದು. ಮೀನಿನ ಕೆಳದವಡೆಗೆ ಒಂದು ಕ್ಲಿಪ್ ಹಾಕಿ, ಅದಕ್ಕೆ ಭಾರ ಕಟ್ಟಿ, ಸಿಕ್ಕಿದಷ್ಟೇ ಆಳಕ್ಕೆ ಇಳಿಸಿ ಬಿಡುವುದು. ಕೆಳಗೆ ಹೋದಂತೆ ಗಾಳಿ ಮತ್ತೆ ಕುಗ್ಗುತ್ತದೆ, ಕಣ್ಣು ಒಳಗೆ ಹೋಗುತ್ತದೆ, ಜಠರ ಜಾಗಕ್ಕೆ ಬರುತ್ತದೆ. ಅಲಾಸ್ಕಾದಲ್ಲಿ ಇದೇ ಕುಲದ ಹಳದಿ ಕಣ್ಣಿನ ರಾಕ್‌ಫಿಶ್ ಮೇಲೆ ಪರೀಕ್ಷೆ ಮಾಡಿದ್ದಾರೆ. ಮೇಲೆಯೇ ಬಿಟ್ಟ ಮೀನುಗಳಲ್ಲಿ ತಾವಾಗಿ ಮುಳುಗಿದ್ದು ಕಾಲು ಭಾಗಕ್ಕಿಂತ ಕಡಿಮೆ. ಆಳಕ್ಕೆ ಇಳಿಸಿ ಬಿಟ್ಟವುಗಳಲ್ಲಿ 17 ದಿನದ ನಂತರ ನೂರಕ್ಕೆ 98ರಷ್ಟು ಬದುಕಿದ್ದವು. ಎಷ್ಟು ವ್ಯತ್ಯಾಸ ನೋಡಿ! ಅದಕ್ಕೇ ಅಲಾಸ್ಕಾದಲ್ಲಿ 2020ರಿಂದ ಕಡಲಿಗೆ ಹೋಗುವ ಪ್ರತಿ ಗಾಳದ ದೋಣಿಯಲ್ಲೂ ಇಂಥ ಸಾಧನ ಇರಲೇಬೇಕು ಅಂತ ನಿಯಮ ಇದೆ. ನೀವು ಹೋದ ಬ್ರಿಟಿಷ್ ಕೊಲಂಬಿಯಾದಲ್ಲೂ ಕಡ್ಡಾಯ. ನಿಮ್ಮ ಭಾವನಿಗೆ ಹೇಳಿ. ಮತ್ತೆ ಒಂದು ಮಾತು, ಆ ಉಬ್ಬಿದ ಚೀಲವನ್ನು ಸೂಜಿಯಿಂದ ಚುಚ್ಚಿ ಗಾಳಿ ಬಿಡುವುದು ಮಾತ್ರ ಬೇಡ. ಅದು ಗಾಳಿಚೀಲ ಅಲ್ಲ, ಜಠರಕ್ಕೇ ತೂತು ಬೀಳುತ್ತದೆ.

ರಾತ್ರಿಪಾಳಿ ವೈದ್ಯ:

ಮೀನಿನ ಬಗ್ಗೆ ಮೇಡಂ ಹೇಳಿದ್ದಾರೆ, ನಾನು ಬೆರಳಿನ ಬಗ್ಗೆ ಹೇಳುತ್ತೇನೆ.

ಐಸ್ ಇಟ್ಟಿದ್ದು ಸಹಜ, ಯಾರಾದರೂ ಅದನ್ನೇ ಮಾಡುತ್ತಾರೆ. ಆದರೆ ಈ ವಿಷಕ್ಕೆ ಬೇಕಾದದ್ದು ಅದರ ವಿರುದ್ಧ. ಈ ಗುಂಪಿನ ಮೀನುಗಳ ವಿಷದಲ್ಲಿರುವ ಪ್ರೋಟೀನ್‌ಗಳು ಬಿಸಿಗೆ ಕೆಡುತ್ತವೆ. ಚುಚ್ಚಿದ ಭಾಗವನ್ನು ಸುಮಾರು 45 ಡಿಗ್ರಿ ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿ ಇಡಬೇಕು. ನೋವು ಬೇಗ ಇಳಿಯುತ್ತದೆ. 45 ಡಿಗ್ರಿ ಅಂದರೆ ನಮ್ಮ ಎಣ್ಣೆ ಸ್ನಾನದ ನೀರಿನಷ್ಟು, ಕೈ ಇಟ್ಟರೆ ಚುರ್ ಅನ್ನಬೇಕು ಆದರೆ ತೆಗೆಯಬೇಕು ಅನಿಸಬಾರದು. ನೀರು ಬಿಸಿ ಎಷ್ಟಿದೆ ಅಂತ ನೋಡಲು ಚುಚ್ಚಿಸಿಕೊಂಡ ಕೈ ಹಾಕಬೇಡಿ, ಇನ್ನೊಂದು ಕೈ ಹಾಕಿ. ಮರಗಟ್ಟಿದ ಬೆರಳಿಗೆ ಸುಡುವುದು ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಇದರಲ್ಲಿ ಇನ್ನೂ ಹುಷಾರಾಗಿರಬೇಕು.

ಮುಳ್ಳಿನ ತುಂಡು ಒಳಗೆ ಉಳಿದಿದೆಯಾ ಅಂತ ನೋಡಬೇಕು. ಸೋಪು, ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಟಿಟಿ ಇಂಜೆಕ್ಷನ್ ತೆಗೆದುಕೊಂಡು ತುಂಬ ವರ್ಷ ಆಗಿದ್ದರೆ ಹಾಕಿಸಿಕೊಳ್ಳಿ. ಎರಡು ಮೂರು ದಿನದ ಮೇಲೆ ಕೆಂಪು ಜಾಸ್ತಿ ಆದರೆ, ಕೀವು ಅಥವಾ ಜ್ವರ ಬಂದರೆ, ಉಸಿರಾಟ ಕಷ್ಟ ಆದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇದು ಕೆನಡಾಕ್ಕೆ ಹೋಗುವವರಿಗೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕೆರೆಗಳಲ್ಲಿ ಚೇಳು ಮೀನು ಇದೆಯಲ್ಲ, ಮೀಸೆ ಇರುವ ಕಪ್ಪು ಮೀನು, ಅದರ ಪಕ್ಕದ ರೆಕ್ಕೆಯ ಮುಳ್ಳಿನಲ್ಲೂ ವಿಷ ಇದೆ. ಹೆಸರೇ ಹೇಳುತ್ತದೆ. ಮಾರುಕಟ್ಟೆಯಿಂದ ತಂದು ಮನೆಯಲ್ಲಿ ಕ್ಲೀನ್ ಮಾಡುವಾಗ ಚುಚ್ಚಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಅಲ್ಲೂ ಬಿಸಿ ನೀರು ನೋವನ್ನು ಇಳಿಸುತ್ತದೆ. ಮೀನು ಸತ್ತಿದ್ದರೂ ಮುಳ್ಳಿನ ವಿಷ ಕೂಡಲೇ ಹೋಗುವುದಿಲ್ಲ, ಐಸ್ ಮೇಲೆ ಮಲಗಿಸಿದ ಮೀನು ಅಂತ ಧೈರ್ಯ ಬೇಡ.

ಊಟದ ಡಬ್ಬಿ:

ಒಂದು ಅನುಮಾನ. ವಿಷ ಇದೆ ಅಂತೀರಿ, ಆದರೆ ಅಲ್ಲಿ ಜನ ಈ ಮೀನನ್ನು ತಿನ್ನುತ್ತಾರೆ ಅಂತ ಓದಿದ್ದೆ. ಅದು ಹೇಗೆ? ಅಡುಗೆ ಮಾಡಿದವರು, ತಿಂದವರು ಏನೂ ಆಗದೆ ಇರುತ್ತಾರಾ?

ತೊರಕೆ (ಮಲ್ಲೇಶ್ವರ):

ಊಟದ ಡಬ್ಬಿ ಅವರೇ, ಒಳ್ಳೆಯ ಪ್ರಶ್ನೆ. ಕನ್ನಡದಲ್ಲಿ ನಮಗೆ ಎರಡಕ್ಕೂ ಒಂದೇ ಪದ, ವಿಷ. ಅದರಿಂದ ಗೊಂದಲ. ಚುಚ್ಚಿ ಒಳಗೆ ಹೋದರೆ ಕೆಲಸ ಮಾಡುವ ವಿಷ ಒಂದು, ತಿಂದರೆ ಕೆಲಸ ಮಾಡುವ ವಿಷ ಇನ್ನೊಂದು. ನಾಗರಹಾವಿನದು ಮೊದಲನೆಯದು, ಕಣಗಿಲೆ ಗಿಡದ್ದು ಎರಡನೆಯದು. ರಾಕ್‌ಫಿಶ್‌ನದು ಮೊದಲನೆಯದು. ಅದು ಮುಳ್ಳಿನಲ್ಲಿ ಮಾತ್ರ ಇದೆ, ಮಾಂಸದಲ್ಲಿ ಇಲ್ಲ, ಬೇಯಿಸಿದರೆ ಹೇಗೂ ಕೆಡುತ್ತದೆ. ನಮ್ಮ ಕರಾವಳಿಯಲ್ಲಿ ತೊರಕೆ ಸಾರು ಮಾಡುವುದಿಲ್ಲವಾ? ಅದರ ಬಾಲದ ಮುಳ್ಳು ರಾಕ್‌ಫಿಶ್ ಮುಳ್ಳಿಗಿಂತ ಕೆಟ್ಟದ್ದು. ಅದನ್ನು ಮೊದಲು ತೆಗೆದುಹಾಕಿ ಆಮೇಲೆ ಬುಟ್ಟಿಗೆ ಹಾಕುತ್ತಾರೆ. ನನ್ನ ಅಜ್ಜಿ ತೊರಕೆ ಕೊಂಡರೆ ಮೊದಲು ಬಾಲ ನೋಡುತ್ತಿದ್ದರು, ಆಮೇಲೆ ರೇಟು ಕೇಳುತ್ತಿದ್ದರು.

ರುಚಿ ಇರುವುದೇ ಈ ಮೀನಿನ ಕಷ್ಟಕ್ಕೆ ಒಂದು ಕಾರಣ. ಬಿಳಿ ಮಾಂಸ, ಗಟ್ಟಿ, ಹೆಚ್ಚು ವಾಸನೆ ಇಲ್ಲ. 1980ರ ದಶಕದಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಜೀವಂತ ಮೀನಿಗೆ ರೆಸ್ಟೋರೆಂಟ್‌ಗಳಿಂದ ಬೇಡಿಕೆ ಬಂತು. ತೊಟ್ಟಿಯಲ್ಲಿ ಈಜುವ ಮೀನನ್ನು ಗ್ರಾಹಕರೇ ಆರಿಸುವುದು. ಬಲೆಗೆ ಸಿಗದೆ ಕಲ್ಲು ಸಂದಿಯಲ್ಲಿ ಇರುವ ಕ್ವಿಲ್‌ಬ್ಯಾಕ್‌ನಂಥ ಮೀನುಗಳನ್ನು ಗಾಳ ಹಾಕಿ ಹಿಡಿಯಲು ಶುರು ಮಾಡಿದರು. ಸಂಖ್ಯೆ ಇಳಿಯಿತು. ಕೆನಡಾದ ವನ್ಯಜೀವಿ ಸಮಿತಿ 2009ರಲ್ಲಿ ಕ್ವಿಲ್‌ಬ್ಯಾಕ್ ಅಪಾಯದಲ್ಲಿದೆ ಅಂತ ಗುರುತಿಸಿತು. ಕ್ಯಾಲಿಫೋರ್ನಿಯಾದಲ್ಲಂತೂ 2023ರಲ್ಲಿ ಇದನ್ನು ಹಿಡಿದು ಇಟ್ಟುಕೊಳ್ಳುವುದಕ್ಕೇ ನಿಷೇಧ ಹಾಕಿದರು.

ಕತ್ರಿಗುಪ್ಪೆ ಹುಡುಗ:

ಮೇಡಂ, ಡಾಕ್ಟ್ರೇ, ತುಂಬ ಥ್ಯಾಂಕ್ಸ್. ಓದಿ ಬೇಜಾರಾಯಿತು, ಆದರೆ ನಿಜ ಗೊತ್ತಾಗಿದ್ದು ಒಳ್ಳೆಯದೇ. ನಿನ್ನೆ ರಾತ್ರಿ ಭಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರಿಗೆ ಆ ಸಾಧನದ ಬಗ್ಗೆ ಗೊತ್ತೇ ಇರಲಿಲ್ಲ. ಅವರ ಸ್ನೇಹಿತರ ದೋಣಿಯಲ್ಲೂ ಇರಲಿಲ್ಲ.

ಇನ್ನೊಂದು ಕೇಳಬೇಕು. ಭಾವ ಹೇಳಿದರು, ಈ ಮೀನುಗಳು ನೂರು ವರ್ಷ ಬದುಕುತ್ತವಂತೆ ಅಂತ. ನಿಜವಾ? ನಾನು ಹಿಡಿದ ಮೀನಿಗೆ ಎಷ್ಟು ವಯಸ್ಸಾಗಿರಬಹುದು? ಅಳತೆ ಮಾಡಿರಲಿಲ್ಲ, ಸುಮಾರು 35 ಸೆಂಟಿಮೀಟರ್ ಇತ್ತು ಅನಿಸುತ್ತದೆ.

ತೊರಕೆ (ಮಲ್ಲೇಶ್ವರ):

ನಿಜ. ಈ ವಿಷಯ ಬಂದರೆ ನಾನು ಜಾಸ್ತಿ ಬರೆಯುತ್ತೇನೆ, ಓದುವ ತಾಳ್ಮೆ ಇರಲಿ.

ಕ್ವಿಲ್‌ಬ್ಯಾಕ್ 95 ವರ್ಷದವರೆಗೂ ಬದುಕಿದ ದಾಖಲೆ ಇದೆ. ಹಳದಿ ಕಣ್ಣಿನ ರಾಕ್‌ಫಿಶ್ ಸುಮಾರು 120 ವರ್ಷ. 1905ರಲ್ಲಿ ನಮ್ಮ ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂತಲ್ಲ, ಆ ವರ್ಷ ಹುಟ್ಟಿದ ಮರಿಯೊಂದು ಇವತ್ತೂ ಅದೇ ಕಲ್ಲಿನ ಪಕ್ಕ ಇರಬಹುದು. ಒರಟು ಕಣ್ಣಿನ ರಾಕ್‌ಫಿಶ್ ಅಂತ ಇನ್ನೊಂದು, ಅದಕ್ಕೆ 205 ವರ್ಷ. ಅಷ್ಟು ವಯಸ್ಸಿನ ಮೀನು ಈಗ ಇದ್ದರೆ, ಬೆಂಗಳೂರಿಗೆ 1864ರಲ್ಲಿ ಮೊದಲ ರೈಲು ಬಂದಾಗಲೇ ಅದಕ್ಕೆ ನಲವತ್ತು ದಾಟಿರುತ್ತಿತ್ತು.

ವಯಸ್ಸು ಹೇಗೆ ಗೊತ್ತಾಗುತ್ತದೆ ಅಂದರೆ, ಮೀನಿನ ತಲೆಯೊಳಗೆ ಕಿವಿಕಲ್ಲು ಅಂತ ಸಣ್ಣ ಸುಣ್ಣದ ಕಲ್ಲು ಇರುತ್ತದೆ. ಮರದ ಹಾಗೆ ವರ್ಷಕ್ಕೊಂದು ಉಂಗುರ. ಹಿಂದೆ ಅದನ್ನು ಹೊರಗಿನಿಂದ ನೋಡಿ ಎಣಿಸುತ್ತಿದ್ದರು. ಮೀನು ದೊಡ್ಡದಾದ ಮೇಲೆ ಕಲ್ಲು ಅಗಲಕ್ಕೆ ಬೆಳೆಯುವುದು ನಿಂತು ದಪ್ಪಕ್ಕೆ ಮಾತ್ರ ಬೆಳೆಯುತ್ತದೆ, ಹೊಸ ಉಂಗುರಗಳು ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ತೊಂಬತ್ತು ವರ್ಷದ ಮೀನಿಗೂ ಇಪ್ಪತ್ತೋ ಮೂವತ್ತೋ ಅಂತ ಬರೆದುಬಿಡುತ್ತಿದ್ದರು. ಆಮೇಲೆ ಆ ಕಲ್ಲನ್ನು ನಡುವೆ ಮುರಿದು, ಮುರಿದ ಮುಖವನ್ನು ದೀಪದ ಉರಿಯಲ್ಲಿ ಸ್ವಲ್ಪ ಸುಟ್ಟು ನೋಡುವ ವಿಧಾನ ಬಂತು. ಸುಟ್ಟರೆ ಉಂಗುರಗಳು ಕಪ್ಪಗೆ ಎದ್ದು ಕಾಣುತ್ತವೆ. ಈ ಕೆಲಸ ದೊಡ್ಡದಾಗಿ ನಡೆದ ಜಾಗ ಯಾವುದು ಗೊತ್ತಾ? ನಿಮ್ಮ ಅಕ್ಕನ ಊರು ನನೈಮೊ! ಅಲ್ಲಿ 1908ರಿಂದ ಇರುವ ಪೆಸಿಫಿಕ್ ಜೀವಶಾಸ್ತ್ರ ಕೇಂದ್ರದ ರಿಚರ್ಡ್ ಬೀಮಿಶ್ ಅವರು 1979ರಲ್ಲಿ ಇದೇ ಕುಲದ ಒಂದು ಮೀನಿನ ಬಗ್ಗೆ ಬರೆದರು, ಇವು ಅಂದುಕೊಂಡದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬದುಕುತ್ತವೆ ಅಂತ. ಎಲ್ಲರೂ ಒಪ್ಪಲಿಲ್ಲ. ಕೊನೆಗೆ ಸಾಕ್ಷಿ ಬಂದದ್ದು ಅಣುಬಾಂಬಿನಿಂದ. 1950, 60ರ ದಶಕದಲ್ಲಿ ನಡೆದ ಪರೀಕ್ಷಾ ಸ್ಫೋಟಗಳಿಂದ ಗಾಳಿಯಲ್ಲಿ, ಅದರಿಂದ ಕಡಲ ನೀರಿನಲ್ಲಿ ವಿಕಿರಣ ಇಂಗಾಲ ಹೆಚ್ಚಾಯಿತು. ಆ ಏರಿಕೆ ಕಿವಿಕಲ್ಲಿನ ಯಾವ ಉಂಗುರದಲ್ಲಿ ಕೂತಿದೆ ಅಂತ ನೋಡಿ ಎಣಿಕೆ ಸರಿ ಅಂತ ಖಚಿತ ಮಾಡಿಕೊಂಡರು.

ಈಗ ನಿಮ್ಮ ಮೀನು. ಮೊದಲ ಹತ್ತು ಹದಿನೈದು ವರ್ಷ ಬೆಳೆದು ಆಮೇಲೆ ಉದ್ದಕ್ಕೆ ಬೆಳೆಯುವುದು ಹೆಚ್ಚುಕಡಿಮೆ ನಿಂತುಬಿಡುತ್ತದೆ. ಅದಕ್ಕೆ 35 ಸೆಂಟಿಮೀಟರ್ ಮೀನಿಗೆ ಇಪ್ಪತ್ತೂ ಇರಬಹುದು, ಐವತ್ತೂ ಇರಬಹುದು. ಉದ್ದ ನೋಡಿ ವಯಸ್ಸು ಹೇಳಲು ಆಗುವುದಿಲ್ಲ. ನಿಮಗಿಂತ ದೊಡ್ಡದಿದ್ದರೂ ಇರಬಹುದು.

ಇಷ್ಟು ದೀರ್ಘ ಆಯಸ್ಸು ಯಾಕೆ ಅಂತ ಕೇಳಿದರೆ ನನಗೆ ನಮ್ಮ ಕೋಲಾರ, ತುಮಕೂರು ಕಡೆಯ ಮಳೆ ನೆನಪಾಗುತ್ತದೆ. ಪ್ರತಿ ವರ್ಷ ರಾಗಿ ಬಿತ್ತುತ್ತಾರೆ. ಹಲವು ವರ್ಷ ಮಳೆ ಕೈಕೊಡುತ್ತದೆ, ಒಂದು ವರ್ಷ ಕಣಜ ತುಂಬುತ್ತದೆ. ಇವುಗಳ ಸಂಸಾರವೂ ಹಾಗೇ. ರಾಕ್‌ಫಿಶ್ ನೀರಿನಲ್ಲಿ ಮೊಟ್ಟೆ ಸುರಿಯುವುದಿಲ್ಲ. ಹೆಣ್ಣು ಮೀನು ಗಂಡಿನ ವೀರ್ಯವನ್ನು ಒಳಗೇ ತಿಂಗಳುಗಟ್ಟಲೆ ಇಟ್ಟುಕೊಂಡು, ತನಗೆ ಸರಿ ಅನಿಸಿದಾಗ ಮೊಟ್ಟೆಗೆ ಸೇರಿಸಿ, ಹೊಟ್ಟೆಯಲ್ಲೇ ಬೆಳೆಸಿ, ವಸಂತದ ಹೊತ್ತಿಗೆ ಜೀವಂತ ಮರಿಗಳನ್ನು ಹಾಕುತ್ತದೆ. ಒಂದು ಸಲಕ್ಕೆ ಲಕ್ಷಗಟ್ಟಲೆ, ಒಂದೊಂದೂ ಅಕ್ಕಿ ಕಾಳಿಗಿಂತ ದೊಡ್ಡದಿಲ್ಲ. ಅವು ಒಂದೆರಡು ತಿಂಗಳು ಕಡಲ ಪ್ರವಾಹದಲ್ಲಿ ತೇಲುತ್ತವೆ. ಆ ವರ್ಷ ನೀರು ತಣ್ಣಗಿದ್ದು ತಿನ್ನಲು ಸಿಕ್ಕಿದರೆ ಒಂದಷ್ಟು ಉಳಿಯುತ್ತವೆ, ಇಲ್ಲದಿದ್ದರೆ ಆ ವರ್ಷದ ಮರಿಗಳು ಹೆಚ್ಚುಕಡಿಮೆ ಪೂರ್ತಿ ಹೋಗುತ್ತವೆ. ಒಳ್ಳೆಯ ವರ್ಷ ಯಾವಾಗ ಬರುತ್ತದೋ ಹೇಳಲಾಗದು. ಅದಕ್ಕೆ ತಾಯಿ ಕಾಯಬೇಕು, ಐವತ್ತು ಅರವತ್ತು ಸಲ ಹೆರಬೇಕು. ಮುಳ್ಳು, ವಿಷ, ಕಲ್ಲಿನ ಸಂದಿ, ಎಲ್ಲವೂ ಆ ಕಾಯುವಿಕೆಗೆ ಬೇಕಾದ ಕಾವಲು.

ಕ್ವಿಲ್‌ಬ್ಯಾಕ್ ಹೆರುವ ವಯಸ್ಸಿಗೆ ಬರಲು ಸುಮಾರು 11 ವರ್ಷ ಬೇಕು. ವಯಸ್ಸಾದ ತಾಯಿ ಹೆರುವುದು ಬರೀ ಸಂಖ್ಯೆಯಲ್ಲಿ ಜಾಸ್ತಿ ಅಲ್ಲ. ಕಪ್ಪು ರಾಕ್‌ಫಿಶ್ ಮೇಲೆ ಮಾಡಿದ, 2004ರಲ್ಲಿ ಬಂದ ಅಧ್ಯಯನವೊಂದರಲ್ಲಿ, ವಯಸ್ಸಾದ ತಾಯಿಯ ಮರಿಗಳು ಹೊಟ್ಟೆಯಲ್ಲಿ ದೊಡ್ಡ ಎಣ್ಣೆ ಹನಿ ಹೊತ್ತು ಹುಟ್ಟುತ್ತವೆ, ಬುತ್ತಿ ಕಟ್ಟಿಕೊಂಡು ಹೊರಟ ಹಾಗೆ, ಹಸಿವನ್ನು ಹೆಚ್ಚು ದಿನ ತಡೆಯುತ್ತವೆ ಅಂತ ಕಂಡುಬಂತು. ಗಾಳ ಹಾಕುವವರಿಗೆ ದೊಡ್ಡ ಮೀನೇ ಬೇಕು. ನನಗೆ ಸಂಕಟ ಆಗುವುದು ಇಲ್ಲೇ. ನಾವು ಆರಿಸಿ ಆರಿಸಿ ಮೇಲೆಳೆಯುವುದು ಆ ಅಜ್ಜಿಯರನ್ನೇ.

ಒಂದು ಸಂತೋಷದ ವಿಷಯ ಕೂಡ ಹೇಳುತ್ತೇನೆ. 2021ರಲ್ಲಿ ಈ ಕುಲದ 88 ಜಾತಿಗಳ ಜೀನ್‌ಗಳನ್ನು ಹೋಲಿಸಿ ನೋಡಿದ್ದಾರೆ. ಒಂದೇ ಕುಲದಲ್ಲಿ 11 ವರ್ಷಕ್ಕೆ ಮುಗಿಯುವ ಮೀನೂ ಇದೆ, 200 ದಾಟುವ ಮೀನೂ ಇದೆ. ಆಯಸ್ಸು ಹೇಗೆ ಹಿಗ್ಗುತ್ತದೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಗುಂಪು ಸಿಗುವುದು ಕಷ್ಟ.

ನೇತ್ರಾಣಿ ನೀರು:

ನಾನು ಹೆಬ್ಬಾಳದವನು, ಡೈವಿಂಗ್ ಕಲಿತದ್ದು ಮುರುಡೇಶ್ವರದ ನೇತ್ರಾಣಿಯಲ್ಲಿ. ಕೆಲಸದ ಮೇಲೆ ಎರಡು ವರ್ಷ ವ್ಯಾಂಕೂವರ್‌ನಲ್ಲಿದ್ದಾಗ ಅಲ್ಲೂ ಇಳಿದಿದ್ದೇನೆ, ಅದಕ್ಕೆ ಎರಡು ಮಾತು.

ನೇತ್ರಾಣಿಯಲ್ಲಿ ತೆಳ್ಳನೆ ಬಟ್ಟೆ ಸಾಕು. ವ್ಯಾಂಕೂವರ್‌ನಲ್ಲಿ ನೀರು ಒಂಬತ್ತು ಡಿಗ್ರಿ. ನೀರು ಒಳಗೆ ಬಾರದ ಡ್ರೈಸೂಟ್ ಹಾಕಿಕೊಂಡು, ಒಳಗೆ ಉಣ್ಣೆಯ ಬಟ್ಟೆ ಹಾಕಿಕೊಂಡರೂ ತುಟಿ ಮರಗಟ್ಟುತ್ತದೆ. ಹಸಿರು ಮಬ್ಬು ನೀರು. ಇಪ್ಪತ್ತೈದು ಮೀಟರ್ ಇಳಿದರೆ ಟಾರ್ಚ್ ಬೇಕೇ ಬೇಕು. ಆದರೆ ಬೆಳಕು ಬಿಟ್ಟ ಕೂಡಲೇ ಬಂಡೆಯ ತುಂಬ ಬಿಳಿ ಹೂಕೋಸಿನ ಹಾಗೆ ಅರಳಿರುವ ಅನಿಮೋನ್ ಎಂಬ ಕಡಲಜೀವಿಗಳು, ಇನ್ನೂ ಕೆಳಗೆ ಮೋಡದ ಹಾಗೆ ಉಬ್ಬಿದ ಗಾಜಿನ ಸ್ಪಂಜುಗಳು, ಅವೂ ಜೀವಿಗಳೇ. ಆ ಸ್ಪಂಜಿನ ತೂತುಗಳಲ್ಲಿ ಕ್ವಿಲ್‌ಬ್ಯಾಕ್ ಮರಿಗಳು ಇಣುಕುತ್ತಿರುತ್ತವೆ. ದೊಡ್ಡವು ಬಂಡೆ ಸಂದಿಯಲ್ಲಿ ಪಕ್ಕದ ರೆಕ್ಕೆಗಳನ್ನು ಮೊಣಕೈ ಊರಿದ ಹಾಗೆ ಊರಿಕೊಂಡು ಕೂತಿರುತ್ತವೆ. ನಾನು ಹತ್ತಿರ ಹೋದರೂ ಓಡುವುದಿಲ್ಲ. ಬೆನ್ನಿನ ಮುಳ್ಳು ನಿಧಾನಕ್ಕೆ ಎತ್ತುತ್ತದೆ, ನನ್ನನ್ನೇ ನೋಡುತ್ತದೆ. ಅಷ್ಟೇ. ಆ ಮುಳ್ಳು ಎತ್ತುವುದನ್ನು ಒಮ್ಮೆ ನೋಡಿದರೆ ಕೈ ಚಾಚಲು ಮನಸ್ಸು ಬರುವುದಿಲ್ಲ.

ಒಂದು ಬಂಡೆಗೆ ನಾನು ಆರೇಳು ಸಲ ಹೋಗಿದ್ದೆ. ಎಡಗಡೆ ರೆಕ್ಕೆಯ ತುದಿ ಹರಿದಿದ್ದ ಒಂದು ಕ್ವಿಲ್‌ಬ್ಯಾಕ್ ಇತ್ತು. ಮೇ ತಿಂಗಳಲ್ಲಿ ನೋಡಿದ ಜಾಗದಲ್ಲೇ ನವೆಂಬರ್‌ನಲ್ಲೂ ಇತ್ತು, ಅದೇ ಸಂದಿ, ಮುಖ ಅದೇ ಕಡೆ. ಆಮೇಲೆ ಓದಿದೆ, ಒಳ್ಳೆಯ ಕಲ್ಲಿನ ಜಾಗ ಸಿಕ್ಕರೆ ಇವು ಒಂದು ಕೋಣೆಯಷ್ಟು ಜಾಗದಲ್ಲೇ ಓಡಾಡಿಕೊಂಡಿರುತ್ತವೆ ಅಂತ. ಹಿಡಿದು ಕೆಲವು ಕಿಲೋಮೀಟರ್ ಆಚೆ ಬಿಟ್ಟರೂ ವಾಪಸ್ ಅದೇ ಬಂಡೆಗೆ ಬಂದವು ಇವೆ. ಸೀಗಡಿ, ಸಣ್ಣ ಏಡಿ, ಚಿಕ್ಕ ಮೀನು ಹತ್ತಿರ ಬಂದರೆ ಗಬಕ್ಕನೆ ನುಂಗುವುದು, ಮತ್ತೆ ಸುಮ್ಮನೆ ಕೂರುವುದು.

ಹೀಗೆ ಇರುವುದರಿಂದಲೇ ಕಾಪಾಡುವುದಕ್ಕೆ ಒಂದು ಅನುಕೂಲ ಇದೆ. ಮೀನು ಅಲೆಯುವುದಿಲ್ಲವಾದ್ದರಿಂದ ಬಂಡೆಯನ್ನು ಕಾಯ್ದರೆ ಮೀನನ್ನು ಕಾಯ್ದ ಹಾಗೆ. ಬ್ರಿಟಿಷ್ ಕೊಲಂಬಿಯಾದಲ್ಲಿ 2003ರಿಂದ 2007ರ ನಡುವೆ ಇಂಥ 164 ರಾಕ್‌ಫಿಶ್ ರಕ್ಷಿತ ಪ್ರದೇಶ ಮಾಡಿದ್ದಾರೆ, ಅಲ್ಲಿ ಗಾಳ ಹಾಕುವಂತಿಲ್ಲ. ಆದರೆ ನೀರಿನ ಮೇಲೆ ಗಡಿ ಕಾಣುವುದಿಲ್ಲವಲ್ಲ. ನಕ್ಷೆ ನೋಡಿಕೊಂಡೇ ಹೋಗಬೇಕು, ಎಷ್ಟೋ ಜನ ನೋಡುವುದಿಲ್ಲ. ಕತ್ರಿಗುಪ್ಪೆ ಅವರೇ, ನಿಮ್ಮ ಭಾವನಿಗೆ ಇದನ್ನೂ ಹೇಳಿ.

ಟ್ಯಾಂಕ್ ಹುಚ್ಚ:

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನನ್ನ ಹತ್ತಿರ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇದೆ, ಸಿಂಹಮೀನು ಸಾಕಿದ್ದೇನೆ. ಚಿಲ್ಲರ್ ಹಾಕಿದರೆ ಬೆಂಗಳೂರಿನಲ್ಲಿ ರಾಕ್‌ಫಿಶ್ ಸಾಕಬಹುದಾ?

ನೇತ್ರಾಣಿ ನೀರು:

ತಮ್ಮಾ, ಬೇಡ. ಎಂಟು ಹತ್ತು ಡಿಗ್ರಿಯ ನೀರು ವರ್ಷವಿಡೀ ಬೇಕು. ಏಪ್ರಿಲ್‌ನಲ್ಲಿ ಎರಡು ಗಂಟೆ ಕರೆಂಟ್ ಹೋದರೆ ಮುಗಿಯಿತು. ಅದಕ್ಕಿಂತ ಮುಖ್ಯ, ಎಂಬತ್ತು ವರ್ಷ ಬದುಕಬಲ್ಲ ಜೀವವನ್ನು ಯಾರು ನೋಡಿಕೊಳ್ಳುತ್ತಾರೆ ಹೇಳಿ? ನೋಡುವ ಆಸೆ ಇದ್ದರೆ ಡೈವಿಂಗ್ ಕಲಿಯಿರಿ. ಅಕ್ಟೋಬರ್ ನಂತರ ನೇತ್ರಾಣಿಗೆ ಹೋಗಿ, ಸಿಂಹಮೀನನ್ನೇ ಅದರ ಮನೆಯಲ್ಲಿ ನೋಡಬಹುದು.

ಟ್ಯಾಂಕ್ ಹುಚ್ಚ:

ಸರಿ ಅಣ್ಣ, ಅರ್ಥ ಆಯಿತು. ಡೈವಿಂಗ್ ಬಗ್ಗೆ ಪರ್ಸನಲ್ ಮೆಸೇಜ್ ಮಾಡ್ತೀನಿ.

ರಾತ್ರಿಪಾಳಿ ವೈದ್ಯ:

ಸಿಂಹಮೀನಿನ ಮುಳ್ಳು ರಾಕ್‌ಫಿಶ್‌ಗಿಂತ ಜೋರು. ಟ್ಯಾಂಕ್ ಒಳಗೆ ಕೈ ಹಾಕುವಾಗ ಅದು ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಪಕ್ಕದಲ್ಲಿ ಗೀಸರ್ ನೀರು ಸಿಗುವ ಹಾಗಿರಲಿ. ಕತ್ರಿಗುಪ್ಪೆ ಅವರೇ, ಬೆರಳು ಈಗ ಹೇಗಿದೆ?

ಕತ್ರಿಗುಪ್ಪೆ ಹುಡುಗ:

ಬೆರಳು ಪೂರ್ತಿ ಸರಿಯಾಗಿದೆ ಡಾಕ್ಟ್ರೇ, ಸಣ್ಣ ಚುಕ್ಕೆಯಷ್ಟು ಗುರುತು ಉಳಿದಿದೆ.

ಎಲ್ಲರ ಉತ್ತರವನ್ನೂ ಅಕ್ಕನಿಗೆ ಕಳಿಸಿದೆ. ಅವಳು ಭಾವನಿಗೆ, ಭಾವನ ಸ್ನೇಹಿತರಿಗೆ ಓದಿ ಹೇಳಿದಳಂತೆ, ಆ ಸ್ನೇಹಿತರು ಮೈಸೂರಿನವರು. ಮೊನ್ನೆ ಶನಿವಾರ ಅಂಗಡಿಗೆ ಹೋಗಿ ದವಡೆಗೆ ಹಾಕುವ ಕ್ಲಿಪ್, ಒಂದೂವರೆ ಕೆಜಿ ಭಾರ ತಂದು ದೋಣಿಯಲ್ಲಿ ಇಟ್ಟಿದ್ದಾರೆ. ನಕ್ಷೆಯನ್ನೂ ತೆಗೆದು ನೋಡಿದರಂತೆ. ನಾವು ಅವತ್ತು ನಿಂತಿದ್ದ ಜಾಗದಿಂದ ರಕ್ಷಿತ ಪ್ರದೇಶದ ಗಡಿ ನಾಲ್ಕುನೂರು ಮೀಟರ್ ಕೂಡ ಇಲ್ಲ. ಒಳಗೆ ಹೋಗಿರಲಿಲ್ಲ ಅನ್ನುವುದಷ್ಟೇ ಸಮಾಧಾನ. ಇನ್ನು ಮುಂದೆ ಆ ಬಂಡೆಯ ಹತ್ತಿರ ಗಾಳ ಇಳಿಸುವುದಿಲ್ಲ, ಸಾಲ್ಮನ್‌ಗೆ ಅಂತ ಮೇಲಿನ ನೀರಿನಲ್ಲೇ ಹಾಕುತ್ತೇವೆ ಅಂದರು ಭಾವ.

ಅಕ್ಕನ ಮಗಳಿಗೆ ಏಳು ವರ್ಷ. ಅವಳು ಫೋನಿನಲ್ಲಿ ಕೇಳಿದಳು, ಮಾವ, ಆ ಮೀನಿನ ಸಂದಿಗೆ ಈಗ ಯಾರು ಬರ್ತಾರೆ ಅಂತ. ತೊರಕೆ ಮೇಡಂ, ಅವಳಿಗೆ ಏನು ಹೇಳಲಿ?

ತೊರಕೆ (ಮಲ್ಲೇಶ್ವರ):

ಸಂದಿ ಖಾಲಿ ಇರುವುದಿಲ್ಲ ಅಂತ ಹೇಳಿ. ಒಳ್ಳೆಯ ಮನೆ ಖಾಲಿ ಆದರೆ ಅಕ್ಕಪಕ್ಕದ ಇನ್ನೊಂದು ಮೀನು ಬರುತ್ತದೆ. ಚಿಕ್ಕದಿರುತ್ತದೆ, ಮೇಲಿನ ಕಡಲಹುಲ್ಲಿನಲ್ಲೋ ಕೆಲ್ಪ್ ಪಾಚಿಯಲ್ಲೋ ಬೆಳೆದು, ದೊಡ್ಡದಾದಂತೆ ಒಂದೊಂದೇ ಮೆಟ್ಟಿಲು ಆಳಕ್ಕೆ ಇಳಿದು ಬಂದಿರುತ್ತದೆ. ಅವಳಿಗೆ ಹದಿನೆಂಟು ಆಗುವ ಹೊತ್ತಿಗೆ ಅದು ಮೊದಲ ಸಲ ಮರಿ ಹಾಕಬಹುದು.